ಆರು ಗೂಡಿನ ಡಬ್ಬ

ಎಲೆಕ್ಟ್ರಿಕ್ ಆಟೋಗಳು ಬಂದ ಮೇಲೆ ಊರಿನ ಗಾಳಿ ಶುದ್ಧವಾಯಿತೆಂದು ಹೊಗಳುವವರೇ ಎಲ್ಲ. ಆ ಆಟೋಗಳ ಸತ್ತ ಬ್ಯಾಟರಿಗಳು ಎಲ್ಲಿಗೆ ಹೋಗುತ್ತವೆಂದು ಕೇಳಿದವರು ಒಬ್ಬರೂ ಇಲ್ಲ. ಅವು ಊರಾಚೆಯ ತಗಡಿನ ಶೆಡ್ಡಿಗೆ, ಅತ್ತೆಯ ಕೈಗೆ ಬರುತ್ತಿದ್ದವು. ಮನೆಯಲ್ಲಿ ಸೊಸೆಗೆ ಅತ್ತೆ, ಶೆಡ್ಡಿನಲ್ಲಿ ಎಲ್ಲರಿಗೂ ಅತ್ತೆ. ಬ್ಯಾಟರಿಯ ಮುಚ್ಚಳ ಕೊಯ್ದು, ಆಸಿಡ್ಡನ್ನು ಚರಂಡಿಗೆ ಸುರಿದು, ಒಳಗಿನ ಸೀಸವನ್ನು ಕಿತ್ತು ರಾಶಿ ಹಾಕುವುದು ಅವಳ ಕೆಲಸ. ಮೂಗು ಸುಡುವ ಹುಳಿ ನಾತ, ಉಗುರಿನಡಿ ಕಪ್ಪು ಕೆಸರು, ಬಾಯಲ್ಲಿ ಸದಾ ತುಕ್ಕಿನ ರುಚಿ. ಥೂ, ಅದೂ ಒಂದು ಬಾಳೇ!

ಸೊಸೆ ತುಂಬು ಬಸುರಿ. ಹಿಂದಿನ ಬಸಿರು ನಿಂತಿರಲಿಲ್ಲ. ಹಾಗಾಗಿ ಈ ಸಲ ಅತ್ತೆ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

"ಆ ಹಾಳು ಶೆಡ್ ಕಡೆ ತಲೆ ಹಾಕಿ ಮಲಗಬೇಡ ಮಗಳೇ," ಅನ್ನುವಳು. ಶೆಡ್ಡಿನ ನಲ್ಲಿಯಲ್ಲೇ ಕೈಕಾಲು ತಿಕ್ಕಿ, ಸೀರೆ ಬದಲಾಯಿಸಿ ಮನೆಗೆ ಬರುವಳು.

ಆದರೆ ಖಾಲಿಯಾದ ಬ್ಯಾಟರಿ ಡಬ್ಬದ ಮೇಲೆ ಅವಳಿಗೆ ಆಸೆ. ಗಟ್ಟಿ ಪ್ಲಾಸ್ಟಿಕ್, ಒಳಗೆ ಅಚ್ಚುಕಟ್ಟಾಗಿ ಆರು ಗೂಡು. ಸೋಪು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಸೊಸೆಯ ಒಲೆಯ ಪಕ್ಕ ತಂದಿಟ್ಟಿದ್ದಳು. ಉಪ್ಪಿಗೊಂದು ಗೂಡು, ಸಕ್ಕರೆಗೊಂದು, ಖಾರದ ಪುಡಿಗೊಂದು. ನೆರೆಮನೆಯವರೂ ಬೇಕೆಂದು ಕೇಳಿದ್ದರು.

ಈ ನಡುವೆ ಶೆಡ್ಡಿಗೆ 'ಹಸಿರು ಉದ್ಯಮ' ಎಂಬ ಫಲಕ ಕೊಡಲು ಅಧಿಕಾರಿಗಳು ಬರುವವರಿದ್ದರು. ಶೆಡ್ಡಿನ ಯಜಮಾನ ಆಸಿಡ್ ಚರಂಡಿಯ ಮೇಲೆ ಹಸಿರು ಚಾಪೆ ಹಾಸಿದ, ಬಾಡಿಗೆಗೆ ಹೂಕುಂಡ ತಂದಿಟ್ಟ. ಮೇಲೆ ಥಳುಕು, ಒಳಗೆ ಹುಳುಕು. ತೋರಿಕೆಗೆಂದು ಕೆಲಸದವರ, ಮನೆಯವರ ರಕ್ತಪರೀಕ್ಷೆಯೂ ಆಯಿತು.

ಸಮಾರಂಭದ ಬೆಳಿಗ್ಗೆ, ರಕ್ತ ತೆಗೆದಿದ್ದ ನರ್ಸಮ್ಮ ಶೆಡ್ಡಿಗೆ ಬಂದು ಅತ್ತೆಯನ್ನು ಪಕ್ಕಕ್ಕೆ ಕರೆದಳು. "ನಿಮಗಿಂತ ನಿಮ್ಮ ಸೊಸೆ ರಕ್ತದಲ್ಲೇ ಸೀಸ ಜಾಸ್ತಿ ಇದೆ. ಮಗುಗೆ ಅಪಾಯ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಶೆಡ್ಡಿಂದು ಏನಾದ್ರೂ ಮನೇಲಿ ಇದೆಯಾ?"

ಯಜಮಾನ ಹಲ್ಲು ಕಿರಿಯುತ್ತ ನಡುವೆ ಬಾಯಿ ಹಾಕಿದ. "ಶೆಡ್ಡಿಗೆ ಕಾಲೇ ಇಡದವಳಿಗೆ ಜಾಸ್ತಿ! ಅಲ್ಲಿಗೆ ನಮ್ಮ ಸೀಸ ಅಲ್ಲ ಅಂತ ಆಯ್ತಲ್ಲ. ಇಲ್ಲಿ ಯಾರಿಗೂ ಏನೂ ಆಗಲ್ಲ ಅಂತ ಸಾಹೇಬ್ರ ಮುಂದೆ ಹೇಳ್ಬಿಡು ಅತ್ತೆ."

ಅತ್ತೆಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯದೆ ಮನೆಗೆ ಓಡಿದಳು. ಸೊಸೆ ಆ ಡಬ್ಬದ ಸಕ್ಕರೆಯನ್ನು ಟೀಗೆ ಹಾಕಿ, ಬೆರಳಿಗೆ ಅಂಟಿದ್ದನ್ನು ನೆಕ್ಕುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಯುತ್ತಿದ್ದವಳೇ ವಿಷ ತಂದು ಒಲೆಯ ಪಕ್ಕ ಇಟ್ಟಿದ್ದಳು. ತನ್ನ ಕೈ ಕಂಡರೆ ತನಗೇ ಹೇಸಿಗೆಯಾಯಿತು.

ಸೊಸೆಯನ್ನು ನರ್ಸಮ್ಮನ ಜೊತೆ ಆಸ್ಪತ್ರೆಗೆ ಕಳಿಸಿ, ಡಬ್ಬವನ್ನು ಸೆರಗಿನಡಿ ಹಿಡಿದು ಅತ್ತೆ ಶೆಡ್ಡಿಗೆ ಬಂದಳು. ಹಸಿರು ಚಾಪೆಯ ಮೇಲೆ ಭಾಷಣ ಮುಗಿದಿತ್ತು, ಟೀ ಬಂದಿತ್ತು. ಡಬ್ಬವನ್ನು ಮೇಜಿನ ಮಧ್ಯ ಕುಕ್ಕಿದಳು.

"ಸಕ್ಕರೆ ಹಾಕ್ಕೊಳ್ಳಿ ಸಾಹೇಬ್ರೇ. ನಮ್ಮ ಶೆಡ್ಡಿನ ಬ್ಯಾಟರಿ ಡಬ್ಬಾನೇ. ನನ್ನ ಬಸುರಿ ಸೊಸೆ ದಿನಾ ತಿಂದಿದ್ದು ಇದರಲ್ಲಿರೋ ಸಕ್ಕರೇನೇ."

ಚಾಚಿದ್ದ ಕೈಯನ್ನು ಹಿರಿಯ ಅಧಿಕಾರಿ ಸರಕ್ಕನೆ ಎಳೆದುಕೊಂಡು ಕರವಸ್ತ್ರಕ್ಕೆ ಒರೆಸಿಕೊಂಡ.

ಅತ್ತೆ ಒಂದು ಚಮಚ ತುಂಬಿ ಯಜಮಾನನತ್ತ ಹಿಡಿದಳು. "ಯಾರಿಗೂ ಏನೂ ಆಗಲ್ಲ ಅಂದ್ರಲ್ಲ. ನೀವಾದ್ರೂ ಹಾಕ್ಕೊಳ್ಳಿ."

ಯಜಮಾನ ತನ್ನ ಲೋಟವನ್ನು ಅಂಗೈಯಿಂದ ಮುಚ್ಚಿಕೊಂಡ.