ಚಮಚದಲ್ಲಿ ಅಡಗಿದ್ದ ಎರಡು ಗ್ರಾಂ

ಒಂದು ಚಮಚ ಕಲ್ಲುಪ್ಪು, ಅದೇ ಚಮಚದ ಪುಡಿಯುಪ್ಪು ಒಂದೇ ತೂಕ ಬರುವುದಿಲ್ಲ. ಹರಳುಗಳ ಸಂದಿಯಲ್ಲಿ ಗಾಳಿ ಕೂತಿರುತ್ತದೆ. ಪುಡಿ ಸಂದಿ ಬಿಡದೆ ತುಂಬಿಕೊಳ್ಳುತ್ತದೆ. ಒಲೆ ಹಚ್ಚುವ ಎಲ್ಲರಿಗೂ ಇದು ಗೊತ್ತಿರಬೇಕು. ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾಚಿಕೆಯೂ ಇಲ್ಲ.

ನಾಚಿಕೆಪಟ್ಟವಳು ಒಬ್ಬಳಿದ್ದಾಳೆ. ಹಾಸ್ಟೆಲ್ಲೊಂದರ ಹಿರಿಯ ಅಡುಗೆಯವಳು. ತೂಗದೆ ಏನನ್ನೂ ಪಾತ್ರೆಗೆ ಹಾಕಳು, ಹಾಗಾಗಿ ಅಲ್ಲಿ ಅವಳ ಹೆಸರೇ ತಕ್ಕಡಿ ಅಕ್ಕ. ಗಂಡ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಕಿಟಕಿಯಾಚೆ ಟೀ ಅಂಗಡಿ. ಅವನ ಹೃದಯ ಸೋತಿದೆ, ಉಪ್ಪು ದಿನಕ್ಕೆ ಐದು ಗ್ರಾಂ ದಾಟಬಾರದು ಎಂದರು ಡಾಕ್ಟರು. ಗ್ರಾಂ ಎಂದು ಹೇಳಿ ಕಳಿಸಿದರು, ಅಷ್ಟೇ. ಮನೆಯಲ್ಲಿ ಗ್ರಾಂ ಅಳೆಯಲು ಏನಿದೆ ಎಂದು ಯಾರು ಕೇಳುತ್ತಾರೆ?

ಅಕ್ಕ ಕೈಕಟ್ಟಿ ಕೂರುವವಳಲ್ಲ. ಮನೆಯ ಚಮಚವನ್ನು ಹಾಸ್ಟೆಲ್ಲಿಗೆ ಒಯ್ದಳು. ಅಲ್ಲಿನ ಮೂಟೆಯಿಂದ ಉಪ್ಪು ತುಂಬಿ, ಬೆರಳಿನಿಂದ ಮಟ್ಟ ಮಾಡಿ, ಮಸಾಲೆ ತೂಗುವ ಸಣ್ಣ ತಕ್ಕಡಿಗೆ ಸುರಿದಳು. ಸರಿಯಾಗಿ ಐದು ಗ್ರಾಂ. ಅಂದಿನಿಂದ ಗಂಡನ ದಿನದ ಊಟಕ್ಕೆಲ್ಲ ಸೇರಿ ಅದೇ ಒಂದು ಚಮಚ.

ಆದರೂ ಅವನ ಪಾದ ಊದಿತು. ಯಂತ್ರ ತುಳಿಯಲಾಗದೆ, ಒಪ್ಪಿಕೊಂಡ ಬಟ್ಟೆಗಳು ಹಾಗೇ ಬಿದ್ದಿದ್ದವು. ಉಪ್ಪು ಎಲ್ಲಿಂದಲೋ ಹೊಟ್ಟೆ ಸೇರುತ್ತಿದೆ ಎಂದರು ಡಾಕ್ಟರು. ತನ್ನ ಚಮಚದ ಮೇಲೆ ಅಕ್ಕನಿಗೆ ಅನುಮಾನ ಬರುವುದುಂಟೇ? ಗಂಡನ ಮೇಲೆ ಬಂತು. ಅಂಗಿಯ ಜೇಬು ತಡಕಿದಳು, ಬಾಯಿ ಮೂಸಿ ನೋಡಿದಳು. ಕೊನೆಗೆ ಟೀ ಅಂಗಡಿಗೇ ನುಗ್ಗಿ, ಬೆಂಚಿನ ತುಂಬ ಜನರಿರುವಾಗಲೇ ಅಂಗಡಿಯವನನ್ನು ಕೇಳಿದಳು: "ನಮ್ಮನೆ ಕಳ್ಳಬೆಕ್ಕಿಗೆ ಕುರುಕಲು ಹಾಕ್ತಿರೋದು ನೀವೇ ತಾನೇ?"

ಬೆಂಚಿಗೆ ಬೆಂಚೇ ನಕ್ಕಿತು. ಕಿಟಕಿಯೊಳಗೆ ಟೈಲರ್ ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದ. ತಾನು ಏನೂ ತಿಂದಿಲ್ಲವೆಂದು ಆಮೇಲೆ ಹೇಳಿದ, ಅವಳು ನಂಬಲಿಲ್ಲ. ಮಗಳು ಫೋನಿನಲ್ಲಿ ಅಪ್ಪನಿಗೇ ಬುದ್ಧಿ ಹೇಳಿದಳು. ಅವನು ಕಿಟಕಿ ಮುಚ್ಚಿಕೊಂಡು ಕೂರತೊಡಗಿದ.

ಅಷ್ಟರಲ್ಲಿ ಹಾಸ್ಟೆಲ್ಲಿಗೆ ಕಲ್ಲುಪ್ಪಿನ ಮೂಟೆ ಬರುವುದು ತಡವಾಯಿತು. ಜೊತೆಯ ಅಡುಗೆಯವಳು ಅಂಗಡಿಯ ಪುಡಿಯುಪ್ಪು ತಂದು, ಅಕ್ಕ ತೂಗಿ ಗೊತ್ತುಮಾಡಿದ್ದ ಸೌಟಿನ ಲೆಕ್ಕದಲ್ಲೇ ಹಾಕಿಬಿಟ್ಟಳು. ಉಂಡವರು ಮುಖ ಸಿಂಡರಿಸಿ ತಟ್ಟೆ ಬಿಟ್ಟೆದ್ದರು. ಅಕ್ಕ ಸಿಡಿದಳು.

"ಸೌಟು ಅದೇ ಅಕ್ಕಾ. ನಿಮ್ಮಾಣೆ, ಒಂದು ಚೂರೂ ಜಾಸ್ತಿ ಹಾಕಿಲ್ಲ."

ಸುಳ್ಳು ಹಿಡಿಯಲೆಂದೇ ಅಕ್ಕ ಆ ಸೌಟಿನ ತುಂಬ ಪುಡಿಯುಪ್ಪು ತೂಗಿದಳು. ಮುಳ್ಳು ಎಂದಿನ ಗುರುತು ದಾಟಿ ನಿಂತಿತು. ಮನೆಯ ಡಬ್ಬಿಯಲ್ಲಿರುವುದೂ ಪುಡಿಯುಪ್ಪೇ ಎಂದು ಆಗ ಹೊಳೆಯಿತು. ಮರುದಿನ ಮನೆಯ ಚಮಚವನ್ನೂ ಡಬ್ಬಿಯ ಉಪ್ಪನ್ನೂ ತಂದು, ಯಾರೂ ನೋಡದಂತೆ ತುಂಬಿ ತೂಗಿದಳು. ಏಳು ಗ್ರಾಂ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಬಾಯಿಬಿಡದೆ ಅಳತೆ ಇಳಿಸಿದಳು. ಊತ ಇಳಿಯಿತು. ಅಮ್ಮ ಕಾವಲು ಬಿಗಿ ಮಾಡಿದ ಮೇಲೆ ಅಪ್ಪ ದಾರಿಗೆ ಬಂದ ಎಂದು ಮಗಳು ನಕ್ಕಾಗ ಹೂಂಗುಟ್ಟಿದಳು. ತಟ್ಟೆ ಇಡುವಾಗ ಗಂಡನ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೊಂದು ಸಂಜೆ ಅದೇ ಬೆಂಚಿನೆದುರು ನೆಲ ನೋಡುತ್ತ ನಿಂತಳು.

"ಇವರು ಏನೂ ಕದ್ದು ತಿಂದಿರ್ಲಿಲ್ಲ. ಉಪ್ಪು ಜಾಸ್ತಿ ಹಾಕಿದ್ದು ನಾನು."

ಈ ಸಲ ಯಾರೂ ನಗಲಿಲ್ಲ. ಒಳಗೆ ಬಂದವಳಿಗೆ ಟೈಲರ್ ಯಂತ್ರ ನಿಲ್ಲಿಸದೆ ಹೇಳಿದ: "ಕಾಲು ಸರಿಹೋಯ್ತು ಕಣೇ. ಆ ಬೆಂಚಲ್ಲಿ ಹೋಗಿ ಕೂರೋಕೆ ಮಾತ್ರ ಇನ್ನೂ ಸ್ವಲ್ಪ ದಿನ ಬೇಕು."

ನಿಮ್ಮ ಮನೆಯಲ್ಲೂ ಪಥ್ಯದ ತಟ್ಟೆಯ ಮುಂದೆ ತಲೆತಗ್ಗಿಸಿ ಕೂತವರೊಬ್ಬರಿದ್ದಾರೆ. ಏಳಿ. ನಿಮ್ಮ ಡಬ್ಬಿಯ ಉಪ್ಪನ್ನು ನಿಮ್ಮ ಚಮಚದಲ್ಲೇ ತುಂಬಿ ತೂಗಿಸಿಕೊಂಡು ಬನ್ನಿ. ಅಲ್ಲಿಯತನಕ ಅವರನ್ನು ಕಳ್ಳರೆನ್ನಬೇಡಿ.