ಖಂಡೇಪೂಜೆಯ ದೀಪ ಕಂಡ ಗಾಜು

ಕಲಿಯುವುದಕ್ಕಿಂತ ಮರೆಯುವುದು ದೊಡ್ಡ ವಿದ್ಯೆ. ಮನುಷ್ಯಕುಲ ಇಷ್ಟು ಕಾಲ ಬಾಳಿದ್ದೇ ಮರೆವಿನ ದೆಸೆಯಿಂದ. ಈ ಮಾತನ್ನು ನನ್ನ ಪಿಎಚ್.ಡಿ. ಪ್ರಬಂಧದ ಮೊದಲ ಪುಟದಲ್ಲಿ ಬರೆದಿದ್ದೆ. ಮಾರ್ಗದರ್ಶಕರು ಅದರ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ‘ಆಧಾರ?’ ಎಂದು ಬರೆದು ಕಳಿಸಿದರು.

ಆಗ ನನಗೆ ಐವತ್ತಾರು ವರ್ಷ. ನಿಪ್ಪಾಣಿಯಿಂದ ಚಿಕ್ಕೋಡಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ, ಮತ್ತೆ ನಿಂತುಕೊಂಡೇ ಬರುತ್ತಿದ್ದೆ. ನಡುವೆ ಉಳಿದ ಹೊತ್ತಿಗೆ ಸಂಶೋಧನೆ ಎಂದು ಹೆಸರು. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿತ್ತು. ಮೂರನೆಯ ಸಲದ ಪತ್ರದಲ್ಲಿ ‘ಇದೇ ಕೊನೆಯದು’ ಎಂದು ಬರೆದು, ನನಗೆ ತಿಳಿಯದೆ ಹೋದೀತೆಂದು ಅಡಿಗೆರೆಯನ್ನೂ ಎಳೆದಿದ್ದರು.

ಸಂಶೋಧನೆಯ ವಸ್ತು ಅಂಗೈಯಗಲದ ಒಂದು ಗಾಜು. ಅದರ ಮೇಲೆ ತೆಳ್ಳಗಿನ ರಾಸಾಯನಿಕ ಲೇಪ. ಲೇಪದಲ್ಲಿ ಹದಿನಾರು ಚುಕ್ಕೆ. ಬೆಳಕು ಬಿದ್ದರೆ ಚುಕ್ಕೆಯಲ್ಲಿ ಹರಿಯುವ ವಿದ್ಯುತ್ತು ಏರುತ್ತದೆ. ಬೆಳಕು ಆರಿದ ಮೇಲೆ ಅದು ಒಮ್ಮೆಲೇ ಇಳಿಯುವುದಿಲ್ಲ. ಸರ್ಕಾರಿ ಕಡತದ ಹಾಗೆ ಅಲ್ಲಲ್ಲಿ ಕೂತು ಕೂತು ಇಳಿಯುತ್ತದೆ. ಅದೇ ಬೆಳಕನ್ನು ಮತ್ತೆ ಮತ್ತೆ ತೋರಿಸಿದರೆ ಇನ್ನಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ. ಮಿದುಳಿನಲ್ಲಿ ನರಕ್ಕೂ ನರಕ್ಕೂ ನಡುವಿನ ಸಂದು ಗಟ್ಟಿಯಾಗುವುದೂ ಹೀಗೆಯೇ. ಇಂಥ ಸಂದುಗಳನ್ನು ಲಕ್ಷಗಟ್ಟಲೆ ಜೋಡಿಸಿದರೆ, ನೋಡಿದ್ದನ್ನು ತಾನೇ ಕಲಿಯುವ ಯಂತ್ರದ ಕಣ್ಣು ತಯಾರಾದೀತು. ನನ್ನ ಬಳಿ ಹದಿನಾರಿದ್ದವು. ಅವುಗಳಲ್ಲಿ ಮೂರು ಸತ್ತಿದ್ದವು.

ಪ್ರಬಂಧಕ್ಕೆ ಸೇರಿಸಲು ಉಳಿದದ್ದು ಒಂದೇ ಗ್ರಾಫು. ಗಾಜಿಗೆ ಒಂದು ಆಕಾರ ಕಲಿಸಿ, ಹತ್ತು ದಿನ ಕತ್ತಲೆಯಲ್ಲಿಟ್ಟು, ಅದು ಹೇಗೆ ಮರೆಯುತ್ತದೆ ಎಂದು ಅಳೆಯಬೇಕಿತ್ತು. ಒಂದು ದಿನವೂ ಕಡಿಮೆಯಾಗಕೂಡದೆಂದು ವಿಶ್ವವಿದ್ಯಾಲಯದ ಸಮಿತಿ ಹೇಳಿತ್ತು. ಗಡುವಿಗೆ ಹದಿಮೂರು ದಿನವಿತ್ತು. ಪ್ರಯೋಗಾಲಯದ ಕಿಟಕಿಯಿಲ್ಲದ ಕತ್ತಲೆಕೋಣೆಯಲ್ಲಿ ಗಾಜನ್ನು ಕಪ್ಪು ಡಬ್ಬಿಯೊಳಗಿಟ್ಟು, ತಂತಿಯನ್ನು ಹೊರಗಿನ ಕಂಪ್ಯೂಟರಿಗೆ ಎಳೆದೆ. ಕಂಪ್ಯೂಟರು ತಾನೇ ಕ್ಷಣಕ್ಷಣವೂ ಬರೆದುಕೊಳ್ಳುತ್ತಿತ್ತು.

ಪ್ರಯೋಗಾಲಯ ಗುಡಿಸಿ ಒರೆಸುವ ಹೆಂಗಸು ಶೇಡಬಾಳದವರು. ನನಗಿಂತ ಮೊದಲಿನಿಂದ ಅಲ್ಲಿದ್ದವರು. ಪ್ರಾಚಾರ್ಯರಿಂದ ಹಿಡಿದು ಎಲ್ಲರಿಗೂ ಅವರು ಮಾವಶಿ, ಅಂದರೆ ಚಿಕ್ಕಮ್ಮ.

“ಡಬ್ಬ್ಯಾಗ ಏನೈತ್ರಿ ಸರ?” ಎಂದು ಕೇಳಿದರು.

ಆ್ಯಸಿಡ್ ಎಂದಿದ್ದರೆ ಮುಗಿಯುತ್ತಿತ್ತು. “ಕಣ್ಣು ಐತಿ ಮಾವಶಿ. ಹತ್ತ ದಿನ ಮುಟ್ಟಬ್ಯಾಡ್ರಿ. ಕಲ್ತದ್ದು ಮರೀಲಿ ಅಂತ ಇಟ್ಟೇನಿ,” ಎಂದೆ.

“ಅದಕ್ಕ ಡಬ್ಬಿ ಯಾಕ ಬೇಕ್ರಿ? ನಿಮ್ಮ ಹುಡುಗೂರು ಬೆಳಕಿನ್ಯಾಗ ಕುಂತ ಮರೀತಾವಲ್ಲ!”

ಎಂಟನೆಯ ದಿನ ಖಂಡೇನವಮಿ. ನಮ್ಮ ಸೀಮೆಯಲ್ಲಿ ಅಂದು ಟ್ರ್ಯಾಕ್ಟರಿನಿಂದ ಹೊಲಿಗೆ ಯಂತ್ರದವರೆಗೆ ಕೆಲಸಕ್ಕೆ ಬರುವ ಪ್ರತಿಯೊಂದಕ್ಕೂ ಪೂಜೆ. ಕೆಲಸಕ್ಕೆ ಬಾರದವಕ್ಕೂ ಆಗುತ್ತದೆ. ನಾನು ಮನೆಯಲ್ಲೇ ಉಳಿದು ನನ್ನ ಸ್ಕೂಟರಿಗೆ ಚೆಂಡುಹೂವಿನ ಮಾಲೆ ಹಾಕಿದೆ. ಮರುದಿನ ದಸರೆ ಮುಗಿಸಿಕೊಂಡು ಹತ್ತನೆಯ ದಿನ ಕಾಲೇಜಿಗೆ ಹೋದೆ.

ಕಂಪ್ಯೂಟರಿನಲ್ಲಿ ಗೆರೆ ಏಳು ದಿನ ಲಕ್ಷಣವಾಗಿ ಇಳಿದಿತ್ತು. ಎಂಟನೆಯ ದಿನ ಬೆಳಿಗ್ಗೆ ಐದು ಮೆಟ್ಟಿಲು ಏರಿತ್ತು. ಒಂದರಷ್ಟೇ ಎತ್ತರ ಇನ್ನೊಂದು. ಗಾಜಿಗೆ ಕಲಿಸುವಾಗ ಅಂಥ ಮೆಟ್ಟಿಲು ಬರಲೆಂದು ನಾನು ವರ್ಷಗಟ್ಟಲೆ ಹೆಣಗಿದ್ದೆ. ಕುರ್ಚಿ ಎಳೆದುಕೊಂಡು ಕೂತೆ. ಬಸ್ಸಿನಲ್ಲಿ ಸಿಗದ ಸೀಟು ಅಲ್ಲಿಯಾದರೂ ಇತ್ತು.

“ಮಾವಶಿ, ಡಬ್ಬಿ ಯಾರ ತಗದಿದ್ರು?”

“ಯಾರೂ ತಗದಿಲ್ರಿ ಸರ. ನಾ ಮುಚ್ಚಳ ಅಷ್ಟ ಸರಿಸಿದ್ನಿ.”

“ಯಾಕ?”

“ಖಂಡೇಪೂಜಿ ಇತ್ತಲ್ರಿ! ತಕ್ಕಡಿಗಿ ಮಾಡೇನಿ, ಬ್ಯಾಟರಿಗಿ ಮಾಡೇನಿ, ಆ ಒಡದ ದುರ್ಬೀನಿಗೂ ಮಾಡೇನಿ. ಇದೊಂದನ್ನ ಬಿಟ್ರ ಹೆಂಗ? ಮುಟ್ಟಬ್ಯಾಡ ಅಂದಿದ್ರಿ, ಕುಂಕುಮಾನೂ ಹಚ್ಚಿಲ್ಲ. ಲೈಟೂ ಹಾಕಿಲ್ಲ. ಐದ ಸುತ್ತ ಆರತಿ ಬೆಳಗಿ ಮುಚ್ಚೇನಿ.”

“ಅದು ಬೆಳಕ ನೋಡಬಾರದಿತ್ರಿ.”

“ಕಣ್ಣು ಅಂತ ನೀವ ಹೇಳಿದ್ರಿ. ಕಣ್ಣ ಇದ್ದದ್ದು ಹಬ್ಬದ ದಿನಾನೂ ದೀಪಾ ನೋಡಬಾರದೇನ್ರಿ?” ಎಂದವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. “ನಿಮ್ಮ ಪರೀಕ್ಷಾ ಪಾಸಾಗ್ಲಿ ಅಂತ ಬೇಡಕೊಂಡೇನ್ರಿ ಸರ. ಏನರ ಕೆಟ್ಟತೇನು?”

“ಕೆಟ್ಟಿಲ್ಲ. ಭಾಳ ಚಲೋ ಕಲ್ತೈತಿ,” ಎಂದೆ. ಅದು ಸುಳ್ಳಲ್ಲ. ದೀಪ ಸುತ್ತಿ ಸುತ್ತಿ ಎದುರಿಗೆ ಬಂದಾಗಲೆಲ್ಲ ಗಾಜು ಒಂದು ಮೆಟ್ಟಿಲು ಹತ್ತಿತ್ತು; ಎರಡು ದಿನವಾದರೂ ಪೂರ್ತಿ ಇಳಿದಿರಲಿಲ್ಲ.

ಮಾರ್ಗದರ್ಶಕರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ನಿಟ್ಟುಸಿರು ಬಿಟ್ಟರು. ಅವರೂ ದಣಿದಿದ್ದರು; ಇಷ್ಟು ವರ್ಷ ನನ್ನನ್ನು ತಿದ್ದಿದವರು.

“ಎಂಟರಿಂದ ಹತ್ತರ ತನಕ ಗೆರಿ ನೀವ ಎಳದಬಿಡ್ರಿ. ಹೆಂಗೂ ಇಳ್ಯಾಕತ್ತಿತ್ತಲ್ಲ, ಹಂಗ ಮುಂದವರಿಸ್ರಿ. ಯಾರ ಕೇಳ್ತಾರ?”

ಪೆನ್ಸಿಲು ಕೈಯಲ್ಲೇ ಇತ್ತು. ಎರಡು ಅಂಗುಲದ ಗೆರೆ. ಎಳೆದರೆ ಡಾಕ್ಟರೇಟು.

“ಆಧಾರ ಏನ್ರಿ ಸರ?” ಎಂದೆ.

“ಆತು ಬಿಡ್ರಿ. ಊಟಾ ಮಾಡ್ರಿ ಮೊದಲ,” ಎಂದರು.

ಗಾಜನ್ನು ಮೊದಲಿಂದ ಕತ್ತಲೆಯಲ್ಲಿಡಲು ಇನ್ನೂ ಹತ್ತು ದಿನ ಬೇಕೆಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆದೆ. ಕಾರಣ ಎಂಬ ಕಡೆ ‘ಆರತಿ’ ಎಂದು ಬರೆದು, ಹೊಡೆದುಹಾಕಿ, ‘ಅನಿರೀಕ್ಷಿತ ಬೆಳಕು’ ಎಂದು ತಿದ್ದಿದೆ. ಉತ್ತರ ಬರಲಿಲ್ಲ. ಹದಿಮೂರನೆಯ ದಿನ ಸಂಜೆ ಐದಕ್ಕೆ ಗಡುವು ಮುಗಿಯಿತು. ಪ್ರಬಂಧ ಸಲ್ಲಿಕೆಯಾಗಲಿಲ್ಲ, ಮುಂದಿನ ತಿಂಗಳು ನೋಂದಣಿ ರದ್ದಾಯಿತು.