ಫರೀದಾ ಟೀಚರ್ ಕಲಿಸಿದ ಜಗಳ

ಸಂಜೆ ಫರೀದಾ ಟೀಚರ್ ಮನೆಯ ಮುಂದೆ ಹಾದುಹೋಗುವವರು ಒಳಗೆ ಜಗಳ ಹತ್ತಿದೆ ಎಂದೇ ತಿಳಿಯುತ್ತಿದ್ದರು. ನಡೆಯುತ್ತಿದ್ದುದು ಇಂಗ್ಲಿಷ್ ಟ್ಯೂಷನ್. ನ್ಯಾಮತಿಯ ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಟೀಚರ್ ಪಡಸಾಲೆಯಲ್ಲಿ ಚಾಪೆ ಹಾಸಿ, ಡಿಗ್ರಿ ಮುಗಿಸಿಯೂ ಬಾಯಿ ಬಿಡದ ನಮ್ಮಂಥ ಹುಡುಗಿಯರನ್ನು ಕೂರಿಸಿಕೊಳ್ಳುತ್ತಿದ್ದರು. "ಜಗಳ ಆಡಾಕೆ ಬಂತು ಅಂದ್ರೆ ಭಾಷೆ ಬಂತು ಅಂತ್ಲೇ ಲೆಕ್ಕ" ಎನ್ನುವುದು ಅವರ ಸಿದ್ಧಾಂತ.

ವ್ಯಾಕರಣದ ಪುಸ್ತಕದಲ್ಲಿ 'ಹ್ಯಾವ್ ಬೀನ್'ಗೆ ಮಾರುದ್ದದ ಹೆಸರಿದೆ. ಟೀಚರ್ ಅದನ್ನು ಮುಟ್ಟಲೇ ಇಲ್ಲ.

"ಬೆಳಿಗ್ಗಿಂದ ಸವಳಂಗದ ಬಸ್ಸಿಗೆ ನಿಂತೀಯ. ಇನ್ನೂ ಬಂದಿಲ್ಲ. ನಾನು ಕಂಟ್ರೋಲರ್. ಬಾ, ಜಗಳ ಆಡು."

"ಐ ಆ್ಯಮ್ ವೇಟಿಂಗ್" ಎಂದೆ.

"ಹಂಗಂದ್ರೆ ಈಗ ಬಂದು ನಿಂತೋಳೋ, ಬೆಳಿಗ್ಗೆ ಬಂದೋಳೋ, ನಂಗೆ ಹೆಂಗೆ ಗೊತ್ತಾಗ್ಬೇಕು? ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಮಾರ್ನಿಂಗ್ ಅನ್ನು. ಆವಾಗ ಶುರುವಾಗಿದ್ದು ಇನ್ನೂ ಮುಗ್ದಿಲ್ಲ ಅಂತ ನಂಗೆ ತಟ್ಬೇಕು."

ಹೇಳಿದೆ. ಟೀಚರ್ ಕಿವಿಗೆ ಕೈ ಹಿಡಿದು, "ಇರುವೆ ಜೊತೆ ಜಗಳ ಆಡ್ತಿದೀಯೇನು, ಬೇಟಿ?" ಎಂದರು.

ಆ ದಿನಗಳಲ್ಲಿ ಜಗಳೂರಿನಿಂದ ನನಗೊಂದು ಸಂಬಂಧ ಬಂದಿತ್ತು. ಅಪ್ಪನಿಗೆ ಬಹಳ ಹಿಡಿಸಿತ್ತು. ನನಗೆ ಮಾತ್ರ ಮೊದಲು ಕೆಲಸ ಬೇಕಿತ್ತು, ಮದುವೆ ಆಮೇಲೆ. ಹೊನ್ನಾಳಿಯ ಒಂದು ಖಾಸಗಿ ಶಾಲೆ ಸಂದರ್ಶನಕ್ಕೆ ಕರೆಯಿತು. ಮಧ್ಯಾಹ್ನದವರೆಗೆ ಒಳಗೆ ಕರೆಯದೆ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಗುಮಾಸ್ತರು "ಮುಗೀತು, ಹೋಗ್ರಿ" ಎಂದರು. ಗೇಟಿನವರೆಗೂ ಹೋದವಳು ಸಿಟ್ಟು ತಡೆಯಲಾರದೆ ತಿರುಗಿ ಬಂದು ಮುಖ್ಯೋಪಾಧ್ಯಾಯಿನಿಯ ಕೋಣೆಯ ಬಾಗಿಲು ತಳ್ಳಿದೆ. ನಾನು ಆಡಿದ ಇಂಗ್ಲಿಷ್ ಆ ದೇವರಿಗೇ ಪ್ರೀತಿ, ಆದರೆ ದನಿ ಅಂಗಳದಾಚೆಗೂ ಕೇಳಿಸಿತಂತೆ. ಮುಖ್ಯೋಪಾಧ್ಯಾಯಿನಿ ನಕ್ಕು, "ಕೂತ್ಕೊಳ್ರಿ" ಎಂದರು.

ಕೆಲಸ ಸಿಕ್ಕಿತು. ನೇಮಕದ ಆದೇಶ ಹಿಡಿದು ಟೀಚರ್ ಮನೆಗೆ ಓಡಿದೆ. ಜ್ವರ ಬಂದು ಮಲಗಿದ್ದರು. ಸುದ್ದಿ ಕೇಳಿ ಎದ್ದು ಕುಳಿತು, ನನ್ನ ಕೆನ್ನೆ ಹಿಂಡಿದರು.

"ನಿಮ್ಮಪ್ಪ ಏನಂದ್ರು?"

"ಕೆಲ್ಸ ಸಿಕ್ರೂ ಆ ಸಂಬಂಧ ಬಿಡಾಕಾಗಲ್ಲ ಅಂತಾರೆ, ಟೀಚರ್. ಅವರ ಮುಂದೆ ಬಾಯೇ ಬರಲ್ಲ."

ಟೀಚರ್ ಆದೇಶವನ್ನು ಮಡಚಿ ನನ್ನ ಕೈಗಿಟ್ಟರು.

"ಅವರಿಗೆ ಇಂಗ್ಲಿಷ್ ಬೇಡ, ಬೇಟಿ. ಕನ್ನಡದಾಗೇ ಹೇಳು, ಹೋಗು."

ಆ ರಾತ್ರಿಯೇ ಅಪ್ಪನ ಎದುರು ನಿಂತು ಬೇಡ ಎಂದೆ. ಅಪ್ಪ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಜಗಳೂರಿಗೆ ಫೋನ್ ಹಚ್ಚಿ, ಹುಡುಗಿ ಒಲ್ಲೆ ಅಂತಾಳೆ ಎಂದರು. ಖುಷಿಯಿಂದ ಟೀಚರಿಗೆ ಹೇಳಲು ಹೋದೆ. ಅವರ ಮನೆಯ ಮುಂದೆ ಶಾಮಿಯಾನ ಹಾಕುತ್ತಿದ್ದರು. ಪಡಸಾಲೆಯಲ್ಲಿ, ನಾವು ಕೂರುತ್ತಿದ್ದ ಜಾಗದಲ್ಲೇ, ಟೀಚರನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು.